ಜಿಪ್ಸಿಗೆ ಸ್ಟೇನ್‌ಲೆಸ್ ಪೆಟ್ರೋಲ್ ಟ್ಯಾಂಕಿ: ಬಿಚ್ಚಿದ್ದು, ಕಟ್ಟಿದ್ದು, ಕೂರಿಸಿದ್ದು

ಗಾಡಿ: ಮಾರುತಿ ಜಿಪ್ಸಿ ಎಂಜಿ410ಡಬ್ಲ್ಯೂ, 970 ಸಿಸಿ ಕಾರ್ಬ್ಯುರೇಟರ್ ಎಂಜಿನ್, 40 ಲೀಟರಿನ ತಗಡಿನ ಟ್ಯಾಂಕಿ. ಮಲೆನಾಡಿನ ತೋಟದ ಗಾಡಿ.

ದೂರು: ಹತ್ತು ಹದಿನೈದು ಕಿಲೋಮೀಟರ್ ಓಡಿದ ಮೇಲೆ ಏರಿನಲ್ಲಿ ಎಳೆಯುವುದಿಲ್ಲ. ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿ. ಫಿಲ್ಟರ್ ಬದಲಿಸಿದ ವಾರಕ್ಕೇ ಕಂದು ಪುಡಿ. ನಿಂತಲ್ಲಿ ಪೆಟ್ರೋಲ್ ವಾಸನೆ, ಹಿಂದಿನ ಚಕ್ರದ ಬಳಿ ನೆಲದಲ್ಲಿ ಒಂದೊಂದು ತೊಟ್ಟು.

ಜಿಪ್ಸಿ ಬಂದದ್ದು 1985ರಲ್ಲಿ. 1996ರಲ್ಲಿ 1.3 ಲೀಟರ್ ಎಂಜಿನ್ ಬಂತು, 2000ದಲ್ಲಿ ಇಂಜೆಕ್ಷನ್. ಇಲ್ಲಿ ಹೇಳುವುದೆಲ್ಲ ಕಾರ್ಬ್ಯುರೇಟರ್ ಗಾಡಿಗೆ. ಇಂಜೆಕ್ಷನ್ ಗಾಡಿಯಲ್ಲಿ ಟ್ಯಾಂಕಿಯೊಳಗೇ ಪಂಪು ಇರುವುದರಿಂದ ಮೇಲಿನ ತಟ್ಟೆ, ಪೈಪು, ಒತ್ತಡ ಎಲ್ಲ ಬೇರೆ ಲೆಕ್ಕ.

ತೂತು ಎಲ್ಲಿ, ಏಕೆ

ಟ್ಯಾಂಕಿ ಇರುವುದು ಹಿಂದಿನ ಆಕ್ಸಲ್‌ನ ಹಿಂದೆ, ನೆಲದ ತಗಡಿನ ಅಡಿ. ಕೆಳಗೆ ಕಲ್ಲು ತಾಗದಂತೆ ಒಂದು ಗಾರ್ಡ್ ತಟ್ಟೆ. ಕಾಪಾಡಬೇಕಾದ ಆ ತಟ್ಟೆಯೇ ಮಲೆನಾಡಿನಲ್ಲಿ ಟ್ಯಾಂಕಿಯನ್ನು ತಿನ್ನುವುದು. ಚಕ್ರ ಎರಚುವ ಕೆಮ್ಮಣ್ಣು ತಟ್ಟೆಗೂ ಟ್ಯಾಂಕಿಗೂ ನಡುವೆ ಹೊಕ್ಕು ಕೂರುತ್ತದೆ. ಜೂನ್‌ನಲ್ಲಿ ನೆನೆದ ಮಣ್ಣು ನವೆಂಬರ್‌ವರೆಗೂ ಒಣಗುವುದಿಲ್ಲ. ಗಾಡಿಯನ್ನು ಮೇಲಿಂದ ಎಷ್ಟು ತೊಳೆದರೂ ಆ ಸಂದಿಗೆ ನೀರು ಹೋಗುತ್ತದೆಯೇ ಹೊರತು ಮಣ್ಣು ಹೊರಗೆ ಬರುವುದಿಲ್ಲ. ಈ ಗಾಡಿಯ ತಟ್ಟೆ ಕಳಚಿದಾಗ ಟ್ಯಾಂಕಿಯ ತಳದ ಅಚ್ಚು ಮಣ್ಣಿನಲ್ಲಿ ಇಟ್ಟಿಗೆ ಎರಕದಂತೆ ಮೂಡಿತ್ತು.

ಒಳಗಿನ ಕತೆ ಬೇರೆ. ಹಳೆಯ ಟ್ಯಾಂಕಿಗಳ ತಗಡಿಗೆ ಸೀಸ-ತವರದ ತೆಳು ಲೇಪ ಇರುತ್ತದೆ. ಲೇಪ ಸವೆದಲ್ಲಿ ಬರಿ ಕಬ್ಬಿಣ. ಅರ್ಧ ಖಾಲಿ ಟ್ಯಾಂಕಿಯಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ಗೋಡೆಗೆ ಹನಿಗಟ್ಟಿ ತಳಕ್ಕೆ ಇಳಿಯುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ಸ್ವಲ್ಪ ನೀರನ್ನು ತನ್ನೊಳಗೇ ಕರಗಿಸಿಕೊಂಡು ಎಂಜಿನ್‌ಗೆ ಸಾಗಿಸುತ್ತದೆ. ನೀರು ಮಿತಿ ಮೀರಿದರೆ ಮಾತ್ರ ಎಥೆನಾಲ್ ನೀರಿನ ಜತೆ ಸೇರಿ ಪೆಟ್ರೋಲ್‌ನಿಂದ ಬೇರ್ಪಟ್ಟು ತಳದಲ್ಲಿ ಒಂದು ಪದರವಾಗಿ ನಿಲ್ಲುತ್ತದೆ. ಪೆಟ್ರೋಲ್ ಎಳೆಯುವ ಪೈಪಿನ ಬಾಯಿ ಇರುವುದೂ ಅಲ್ಲೇ. ದಿನಾ ಓಡುವ ಗಾಡಿಗೆ ಇದು ತೊಂದರೆಯಲ್ಲ. ವಾರಕ್ಕೊಮ್ಮೆ ಶುರು ಮಾಡುವ ತೋಟದ ಗಾಡಿಗೆ ಹೌದು. 20 ಪ್ರತಿಶತ ಎಥೆನಾಲ್‌ನ ಇ20 ಪೆಟ್ರೋಲ್‌ಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. ಈ ಗಾಡಿಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ, ಗ್ಯಾಸ್ಕೆಟ್ ಎಲ್ಲವೂ ಅದಕ್ಕೆ ಬಹಳ ಹಿಂದಿನವು. ಟ್ಯಾಂಕಿ ಮಾತ್ರ ಹೊಸದು ಮಾಡಿ ಪೈಪು ಹಳೆಯದೇ ಬಿಟ್ಟರೆ ಕೆಲಸ ಅರ್ಧವೂ ಆದಂತಲ್ಲ.

ಪರೀಕ್ಷೆ ಸುಲಭ. ತಳದ ಡ್ರೈನ್ ಬೋಲ್ಟಿನಿಂದ ಮೊದಲು ಬರುವ ಅರ್ಧ ಲೀಟರನ್ನು ಗಾಜಿನ ಬಾಟಲಿಗೆ ಹಿಡಿದು ಕಾಲು ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಮಂಕಾದ ಬೇರೆ ಪದರ ಕಂಡರೆ ನೀರು. ಈ ಗಾಡಿಯಲ್ಲಿ ಎರಡು ಬೆರಳು ಪದರ, ಅದರ ಕೆಳಗೆ ಕಾಫಿ ಗಷ್ಟಿನಂಥ ತುಕ್ಕು.

ಉಳಿಸಬಹುದೇ?

ತುಕ್ಕು ಒಳಗೆ ಬರೀ ಮೇಲ್ಮೈಯಲ್ಲಿದ್ದು, ಹೊರಗೆ ತಗಡು ಗಟ್ಟಿಯಿದ್ದರೆ ಉಳಿಸಬಹುದು. ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ 40 ಲೀಟರಿಗೆ 2 ಕೆಜಿ, ಬಿಸಿ ನೀರಿನಲ್ಲಿ ಕರಗಿಸಿ ತುಂಬಿ ಒಂದು ದಿನ ಬಿಡಿ. ಸುರಿದ ಕೂಡಲೇ ಅಡುಗೆ ಸೋಡ ಬೆರೆಸಿದ ನೀರಿನಲ್ಲಿ ತೊಳೆದು, ಬಿಸಿ ಗಾಳಿ ಊದಿ ಒಣಗಿಸಿ, ಒಂದು ಲೋಟ ಎಂಜಿನ್ ಆಯಿಲ್ ಸುರಿದು ಎಲ್ಲ ಕಡೆ ಹೊರಳಿಸಿ. ಒಣಗಿಸುವುದು ಒಂದು ಗಂಟೆ ತಡವಾದರೂ ಕಿತ್ತಳೆ ಬಣ್ಣದ ಹೊಸ ತುಕ್ಕು ಕಣ್ಣೆದುರೇ ಏಳುತ್ತದೆ. ಆ ಎಣ್ಣೆಯನ್ನು ಪೆಟ್ರೋಲ್ ತುಂಬುವ ಮುಂಚೆ ಬಸಿಯಬೇಕು.

ಟ್ಯಾಂಕಿಯ ಎರಡು ಅರ್ಧಗಳು ಸೇರುವ ಅಂಚಿನಲ್ಲಿ ತುಕ್ಕು ಹಾಲೆ ಹಾಲೆಯಾಗಿ ಏಳುತ್ತಿದ್ದರೆ ಕೈ ಬಿಡಿ. ಸ್ಕ್ರೂಡ್ರೈವರ್‌ನ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಗಟ್ಟಿ ತಗಡು ಟಣ್ ಎನ್ನುತ್ತದೆ, ಸತ್ತ ತಗಡು ರಟ್ಟಿನಂತೆ ಡಬ್ ಎನ್ನುತ್ತದೆ. ಒಳಗೆ ಎಪಾಕ್ಸಿ ಸುರಿದು ಲೇಪಿಸುವ ಕಿಟ್‌ಗಳ ಮೇಲೆ ನನಗೆ ನಂಬಿಕೆ ಕಡಿಮೆ. ಜಿಡ್ಡು ಮತ್ತು ತುಕ್ಕು ಪೂರ್ತಿ ಹೋಗದಿದ್ದರೆ ಲೇಪ ಹಿಡಿಯುವುದಿಲ್ಲ. ಒಳಗೆ ಅಡ್ಡಗೋಡೆ ಇರುವ ಟ್ಯಾಂಕಿಯಲ್ಲಿ ಪೂರ್ತಿ ಹೋಗಿದೆಯೋ ಎಂದು ನೋಡುವ ದಾರಿಯೂ ಇಲ್ಲ. ಎಥೆನಾಲ್ ತಾಳದ ಲೇಪವಾದರೆ ಹಾವಿನ ಪೊರೆಯಂತೆ ಎದ್ದು ಪೈಪಿನ ಬಾಯಿಗೆ ಬಂದು ಕೂರುತ್ತದೆ.

ದಾರಿಯಲ್ಲಿ ತೊಟ್ಟಿಕ್ಕಲು ಶುರುವಾದರೆ ಬಟ್ಟೆ ಸೋಪಿನ ತುಂಡನ್ನು ಒತ್ತಿ ತಿಕ್ಕುವ ಹಳೆಯ ಉಪಾಯ ಇಂದಿಗೂ ನಡೆಯುತ್ತದೆ, ಸೋಪು ಪೆಟ್ರೋಲಿಗೆ ಕರಗುವುದಿಲ್ಲ. ಗ್ಯಾರೇಜು ಮುಟ್ಟುವವರೆಗೆ ಅಷ್ಟೇ.

ಇಳಿಸುವುದು

ಬಯಲಿನಲ್ಲಿ ಮಾಡಿ. ಗ್ಯಾರೇಜಿನ ಗುಂಡಿ ಈ ಕೆಲಸಕ್ಕೆ ಅತಿ ಕೆಟ್ಟ ಜಾಗ: ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಗುಂಡಿಯಲ್ಲಿ ನೀರಿನಂತೆ ತುಂಬಿಕೊಳ್ಳುತ್ತದೆ. ಗಾಳಿಯಲ್ಲಿ ಆವಿ ಸುಮಾರು 1.4ರಿಂದ 7.6 ಪ್ರತಿಶತ ಇದ್ದರೆ ಕಿಡಿಗೆ ಹೊತ್ತುತ್ತದೆ. ಟ್ಯಾಂಕಿ ತುಂಬಿದ್ದಾಗ ಒಳಗಿನ ಆವಿ ಇದಕ್ಕಿಂತ ದಟ್ಟ. ಬಸಿದು ಗಾಳಿಯಾಡಿಸುತ್ತಾ ಹೋದಂತೆ ಈ ಮಿತಿಯೊಳಕ್ಕೆ ಬರುತ್ತದೆ. ಖಾಲಿ ಟ್ಯಾಂಕಿ ತುಂಬಿದ ಟ್ಯಾಂಕಿಗಿಂತ ಅಪಾಯ ಎನ್ನುವುದು ಇದಕ್ಕೇ.

ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಬೆಳಕಿಗೆ ಎಲ್‌ಇಡಿ ಟಾರ್ಚ್ ಸಾಕು, ವೈರಿನ ಬಲ್ಬು ಬೇಡ: ಒಂದು ತೊಟ್ಟು ಬಿದ್ದು ಬಲ್ಬು ಒಡೆದರೆ ಮುಗಿಯಿತು. ಪುಡಿಯ ಅಗ್ನಿಶಾಮಕ ಕೈಗೆ ಸಿಗುವಲ್ಲಿರಲಿ. ಪೆಟ್ರೋಲನ್ನು ಕೈಪಂಪಿನಲ್ಲಿ ಲೋಹದ ಕ್ಯಾನಿಗೆ ತೆಗೆಯಿರಿ. ಕ್ಯಾನು ನೆಲದ ಮೇಲೇ ಇರಬೇಕು, ಕ್ಯಾನಿಗೂ ಚಾಸಿಗೂ ಒಂದು ವೈರು ಕಟ್ಟಿರಬೇಕು. ಪ್ಲಾಸ್ಟಿಕ್ ಬಕೆಟ್, ಪ್ಲಾಸ್ಟಿಕ್ ಆಲಿಕೆ ಬೇಡ. ಸ್ಥಿರವಿದ್ಯುತ್ತಿನ ಒಂದು ಕಿಡಿ ಸಾಕು. ಬಾಯಲ್ಲಿ ಎಳೆಯುವ ಚಾಳಿಯನ್ನಂತೂ ಬಿಡಿ. 40 ಲೀಟರ್ ಪೆಟ್ರೋಲ್ ಸುಮಾರು 30 ಕೆಜಿ ತೂಗುತ್ತದೆ, ಬಸಿಯದೆ ಇಳಿಸಿದರೆ ಒಂದು ಕಡೆಗೆ ತುಳುಕಿ ಕೈ ಜಾರುತ್ತದೆ.

ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಮಿಸುಕದ ಬೋಲ್ಟನ್ನು ಗ್ಯಾಸ್ ದೀಪದಲ್ಲಿ ಕಾಯಿಸುವುದು ಕೈಗೆ ಬಂದ ಅಭ್ಯಾಸ. ಇಲ್ಲಿ ಅದಕ್ಕೆ ಜಾಗವಿಲ್ಲ. ಗ್ರೈಂಡರೂ ಇಲ್ಲ. ಉಳಿ ಸುತ್ತಿಗೆಯೂ ಕಿಡಿ ಹಾರಿಸುತ್ತದೆ. ಎಣ್ಣೆ ಬಿಡುತ್ತಾ ಹ್ಯಾಕ್ಸಾದಲ್ಲಿ ಕೈಯಾರೆ ಕೊಯ್ಯಿರಿ.

ಟ್ಯಾಂಕಿಯಡಿ ಹಲಗೆ, ಅದರಡಿ ಟ್ರಾಲಿ ಜಾಕಿ. ಮೊದಲು ತುಂಬುವ ಬಾಯಿಯ ದಪ್ಪ ರಬ್ಬರ್ ಪೈಪು ಮತ್ತು ಅದರ ಪಕ್ಕದ ಗಾಳಿ ಪೈಪು ಬಿಡಿಸಿ. ಆಮೇಲೆ ಬೋಲ್ಟುಗಳು. ಜಾಕಿಯನ್ನು ಒಂದು ಗೇಣು ಇಳಿಸಿ ನಿಲ್ಲಿಸಿ. ಎಂಜಿನ್‌ಗೆ ಹೋಗುವ ಪೈಪು, ಹೆಚ್ಚಾದ ಪೆಟ್ರೋಲ್ ತಿರುಗಿ ತರುವ ವಾಪಸ್ ಪೈಪು, ಟ್ಯಾಂಕಿ ಉಸಿರಾಡುವ ಬ್ರೀದರ್ ಪೈಪು, ಪೆಟ್ರೋಲ್ ಮಟ್ಟ ತೋರಿಸುವ ಗೇಜಿನ ವೈರು ಎಲ್ಲ ಟ್ಯಾಂಕಿಯ ನೆತ್ತಿಯಲ್ಲಿರುತ್ತವೆ, ಇಳಿಸದೆ ಕೈ ತಲುಪುವುದಿಲ್ಲ. ಪ್ರತಿಯೊಂದಕ್ಕೂ ಬಣ್ಣದ ಟೇಪು ಸುತ್ತಿ ಗುರುತು ಮಾಡಿ. ಹಳೆಯ ರಬ್ಬರನ್ನು ಇಕ್ಕಳದಲ್ಲಿ ಎಳೆದರೆ ಟ್ಯಾಂಕಿಯ ಪೈಪು ಮುರಿದೀತು. ಬ್ಲೇಡಿನಲ್ಲಿ ಉದ್ದುದ್ದ ಸೀಳಿ ಸುಲಿಯಿರಿ.

ಯಾವ ಲೋಹ

ಲೆಕ್ಕ ಸುಲಭವಾಗಲೆಂದು 700 × 300 × 200 ಮಿ.ಮೀ. ಪೆಟ್ಟಿಗೆ ಎಂದುಕೊಳ್ಳೋಣ: 42 ಲೀಟರ್, ಮೈ 0.82 ಚದರ ಮೀಟರ್. ನಿಮ್ಮ ಗಾಡಿಯ ನಿಜವಾದ ಅಳತೆಯನ್ನು ರಟ್ಟಿನ ಪೆಟ್ಟಿಗೆ ಮಾಡಿ ಜಾಗಕ್ಕೆ ಎತ್ತಿ ಹಿಡಿದು ನೋಡಿಯೇ ತೆಗೆಯಬೇಕು. ಆಕ್ಸಲ್ ಪೂರ್ತಿ ಮೇಲೆ ಬಂದಾಗಲೂ, ಸೈಲೆನ್ಸರ್ ಪೈಪಿನಿಂದಲೂ ಕನಿಷ್ಠ 50 ಮಿ.ಮೀ. ದೂರ ಇರಲಿ.

1.2 ಮಿ.ಮೀ. ಸಾದಾ ತಗಡಿನಲ್ಲಿ ಮಾಡಿದರೆ ಸುಮಾರು 7.7 ಕೆಜಿ, 1.5 ಮಿ.ಮೀ. ಸ್ಟೇನ್‌ಲೆಸ್ 304ರಲ್ಲಿ 9.8 ಕೆಜಿ, 3 ಮಿ.ಮೀ. ಅಲ್ಯೂಮಿನಿಯಂನಲ್ಲಿ 6.6 ಕೆಜಿ. ಸಾದಾ ತಗಡು ಮತ್ತೆ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಹಗುರ, ಆದರೆ ಕಬ್ಬಿಣದ ಚಾಸಿಗೆ ಒದ್ದೆ ಮಣ್ಣಿನ ಮೂಲಕ ತಾಗಿಕೊಂಡಿದ್ದರೆ ಅಲ್ಯೂಮಿನಿಯಮ್ಮೇ ಕರಗುತ್ತಾ ಹೋಗುತ್ತದೆ, ಕಲ್ಲು ದಾರಿಯ ಕುಲುಕಿಗೆ ವೆಲ್ಡಿಂಗ್ ಪಕ್ಕದಲ್ಲಿ ಸೀಳುವುದೂ ಉಂಟು. ಆದ್ದರಿಂದ 304. ಮಂಗಳೂರು, ಕಾರವಾರದ ಕಡೆಯ ಗಾಡಿಯಾದರೆ ಉಪ್ಪನ್ನು ಹೆಚ್ಚು ತಾಳುವ ಸ್ಟೇನ್‌ಲೆಸ್ 316 ಹಾಕಿಸುವುದು ಒಳ್ಳೆಯದು. ರಬ್ಬರ್ ಪಟ್ಟಿಯಡಿ ಉಪ್ಪುನೀರು ನಿಂತರೆ 304ಕ್ಕೂ ಸಣ್ಣ ಗುಳಿ ಬೀಳುತ್ತವೆ.

ಗಾತ್ರ ಹೆಚ್ಚಿಸುವ ಆಸೆ ಎಲ್ಲರಿಗೂ ಬರುತ್ತದೆ. 60 ಲೀಟರ್ ಮಾಡಿದರೆ ಆಕ್ಸಲ್‌ನ ಹಿಂದೆ 15 ಕೆಜಿ ಹೆಚ್ಚು ತೂಗುತ್ತದೆ, ಟ್ಯಾಂಕಿ ಕೆಳಕ್ಕೆ ಇಳಿದು ಕಲ್ಲಿಗೆ ತಾಗುತ್ತದೆ. ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೂ ಅದನ್ನೇ. ಹಳೆಯ ಜಾಗ, ಹಳೆಯ ಗಾತ್ರ, ಒಳಗೆ ಮಾತ್ರ ಸುಧಾರಣೆ: ಇಲ್ಲಿ ಹಿಡಿದ ದಾರಿ ಇದು.

ಒಳಗಿನ ಕೆಲಸ

ತಳ ಮತ್ತು ಎರಡು ಉದ್ದದ ಗೋಡೆಗಳನ್ನು ಒಂದೇ ತಗಡಿನಲ್ಲಿ ಯು ಆಕಾರಕ್ಕೆ ಬೆಂಡಿಂಗ್ ಯಂತ್ರದಲ್ಲಿ ಮಡಚಿಸಿ. ಉದ್ದಕ್ಕೂ ತಳದ ಮೂಲೆಯಲ್ಲಿ ವೆಲ್ಡಿಂಗೇ ಬರುವುದಿಲ್ಲ. ಅಲ್ಲಿ ವೆಲ್ಡಿಂಗ್ ಇದ್ದರೆ ಮೊದಲು ಸೋರುವುದು ಅದೇ. ಎರಡು ಪಕ್ಕದ ಮುಚ್ಚಳ, ಒಂದು ಮೇಲಿನ ಮುಚ್ಚಳ ಮಾತ್ರ ಬೆಸುಗೆಗೆ ಉಳಿಯುತ್ತವೆ.

ಅಡ್ಡಗೋಡೆ ಎರಡು, 700 ಮಿ.ಮೀ. ಉದ್ದವನ್ನು ಮೂರು ಭಾಗ ಮಾಡುವಂತೆ. ಅಂಚನ್ನು 15 ಮಿ.ಮೀ. ಮಡಚಿ ತುಂಡು ತುಂಡಾಗಿ ಬೆಸೆಯಿರಿ, ಉದ್ದಕ್ಕೂ ಎಳೆದರೆ ತಳ ಸೊಟ್ಟಗಾಗುತ್ತದೆ. ತಳದ ಎರಡೂ ಮೂಲೆಗಳಲ್ಲಿ 25 ಮಿ.ಮೀ. ಕತ್ತರಿಸಿ ಬಿಡಿ, ನೆತ್ತಿಯಲ್ಲೂ ಗಾಳಿ ಹೋಗುವಷ್ಟು. ನೆತ್ತಿಯ ತೂತು ಮರೆತರೆ ಮಧ್ಯದ ಕೋಣೆ ತುಂಬಿ ಪಕ್ಕದ್ದರಲ್ಲಿ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ, ಬಂಕಿನಲ್ಲಿ 25 ಲೀಟರಿಗೇ ನಾಜಲ್ ಕಟ್ ಆಗುತ್ತದೆ.

ಪೆಟ್ರೋಲ್ ಎಳೆಯುವ ಪೈಪು ಎಲ್ಲಿರಬೇಕು? ಟ್ಯಾಂಕಿಯ ಉದ್ದ ಗಾಡಿಗೆ ಅಡ್ಡಲಾಗಿದೆ ಎಂದುಕೊಳ್ಳಿ. 5 ಲೀಟರ್ ಉಳಿದಿದೆ, 20 ಡಿಗ್ರಿ ಏರು. ಪೆಟ್ರೋಲ್ ಹಿಂದಕ್ಕೆ ಸರಿದು ತ್ರಿಕೋನವಾಗಿ ನಿಲ್ಲುತ್ತದೆ, ಮುಂದಿನ 100 ಮಿ.ಮೀ. ತಳ ಪೂರ್ತಿ ಒಣ. ಪೈಪು ಮುಂಬದಿಯಲ್ಲಿದ್ದರೆ ಗಾಳಿಯನ್ನೇ ಎಳೆಯುತ್ತದೆ. ಹಿಂಬದಿಯಲ್ಲಿದ್ದರೆ ಇಳಿಜಾರಿನಲ್ಲಿ ಅದೇ ಗತಿ. ಸರಿ ನಡುವೆ ಇದ್ದರೆ ಏರು, ಇಳಿತ ಎರಡರಲ್ಲೂ ಸುಮಾರು 17 ಮಿ.ಮೀ. ಆಳ ಸಿಗುತ್ತದೆ. ಗಾಡಿ ಪಕ್ಕಕ್ಕೆ 10 ಡಿಗ್ರಿ ವಾಲಿದರೂ ನಡುವಿನಲ್ಲಿ 15 ಮಿ.ಮೀ. ಇರುತ್ತದೆ. ಪೈಪಿನ ಬಾಯಿಯನ್ನು ತಳದಿಂದ 10 ಮಿ.ಮೀ. ಮೇಲಕ್ಕೆ, 45 ಡಿಗ್ರಿ ಓರೆಯಾಗಿ ಕತ್ತರಿಸಿ ಅಲ್ಲೇ ನಿಲ್ಲಿಸಿ. ಸುತ್ತ ಒಂದೂವರೆ ಲೀಟರಿನ, ಮೇಲೆ ತೆರೆದ ಸಣ್ಣ ಪೆಟ್ಟಿಗೆ, ತಳದಲ್ಲಿ 10 ಮಿ.ಮೀ. ತೂತು. ವಾಪಸ್ ಪೈಪಿನ ಪೆಟ್ರೋಲ್ ಇದೇ ಪೆಟ್ಟಿಗೆಗೆ ಬೀಳಲಿ. ತುಳುಕಾಟದಲ್ಲಿ ಹೊರಗೆಲ್ಲ ಒಣಗಿದರೂ ಪೆಟ್ಟಿಗೆಯಲ್ಲಿ ಸ್ವಲ್ಪ ಉಳಿದಿರುತ್ತದೆ. ಪೆಟ್ಟಿಗೆ ಕೂರಿಸುವ ಮುಂಚೆ ಗೇಜಿನ ಫ್ಲೋಟು ಮೇಲಿಂದ ಕೆಳಗೆ ಎಲ್ಲೂ ತಾಗದೆ ಆಡುತ್ತದೆಯೇ ಎಂದು ಕೈಯಾರೆ ಆಡಿಸಿ ನೋಡಿ. ಮುಚ್ಚಳ ಬೆಸೆದ ಮೇಲೆ ನೋಡಲು ಆಗುವುದಿಲ್ಲ.

ತಳದ ಒಂದು ಕಡೆ 100 × 100 × 25 ಮಿ.ಮೀ. ಗುಂಡಿ, ಅದರಲ್ಲಿ ಡ್ರೈನ್ ಬೋಲ್ಟು, ತಾಮ್ರದ ವಾಷರ್. ಕಾಲು ಲೀಟರ್ ನೀರು, ಕಸ ಅಲ್ಲಿ ಕೂರುತ್ತದೆ. ಗುಂಡಿ ಎಳೆಯುವ ಪೈಪಿನಿಂದ ದೂರ ಇರಬೇಕು. ಪೈಪನ್ನೇ ಗುಂಡಿಗೆ ಇಳಿಸುವವರು ಕಸವನ್ನೇ ಮೊದಲು ಎಂಜಿನ್‌ಗೆ ಕಳಿಸುತ್ತಾರೆ.

ಗೇಜಿನ ಯೂನಿಟ್ (ಫ್ಲೋಟು ಹಿಡಿದ ಭಾಗ) ಕೂರುವ ಬಳೆಗೆ 6 ಮಿ.ಮೀ. ದಪ್ಪದ ಸ್ಟೇನ್‌ಲೆಸ್. ಒಂದೂವರೆ ಮಿ.ಮೀ. ತಗಡಿನಲ್ಲಿ ಮರೆ (ಸ್ಕ್ರೂ ಹಿಡಿಯುವ ಸುತ್ತು) ನಿಲ್ಲುವುದಿಲ್ಲ. 5 ಮಿ.ಮೀ. ಸ್ಕ್ರೂವಿನ (ಎಂ5) ತೂತುಗಳು ಬಳೆಯ ಆಚೆ ತೂರಬಾರದು, ತೂರಿದರೆ ಮರೆಯಗುಂಟ ಪೆಟ್ರೋಲ್ ಏರಿ ಸ್ಕ್ರೂ ತಲೆಯಡಿ ಜಿನುಗುತ್ತದೆ. ತೂತುಗಳ ನಡುವಿನ ಅಂತರ ಒಂದೇ ಸಮ ಎಂದು ನಂಬಬೇಡಿ, ಯೂನಿಟ್ ಒಂದೇ ದಿಕ್ಕಿಗೆ ಕೂರಲೆಂದು ಒಂದನ್ನು ಬೇಕೆಂದೇ ಸರಿಸಿರುತ್ತಾರೆ. ಹಳೆಯ ಟ್ಯಾಂಕಿಯ ಬಾಯಿಯ ಮೇಲೆ ಬಿಳಿ ಕಾಗದ ಹಾಸಿ ಪೆನ್ಸಿಲ್ಲನ್ನು ಅಡ್ಡ ಹಿಡಿದು ಉಜ್ಜಿ. ನಾಣ್ಯದ ಅಚ್ಚು ತೆಗೆದಂತೆ ಎಲ್ಲ ತೂತು ಮೂಡುತ್ತವೆ. ಆ ಕಾಗದವನ್ನೇ ಲೇತಿನವರಿಗೆ ಕೊಡಿ, ಮುಂದಿನ ದಿಕ್ಕಿಗೆ ಬಾಣದ ಗುರುತು ಹಾಕಿ.

ಬೆಸುಗೆ ಟಿಗ್‌ನಲ್ಲೇ (ಆರ್ಗಾನ್ ಗ್ಯಾಸಿನ ಮರೆಯಲ್ಲಿ ಮಾಡುವ ವಿದ್ಯುತ್ ಬೆಸುಗೆ) ಆಗಬೇಕು, ಕಡ್ಡಿ 308ಎಲ್. ಹೊರಗಿನಿಂದ ಆರ್ಗಾನ್ ಬಂದರೆ ಸಾಲದು, ಟ್ಯಾಂಕಿಯೊಳಗೂ ಆರ್ಗಾನ್ ತುಂಬಿಸಿ ಬೆಸೆಯಬೇಕು. ಇಲ್ಲದಿದ್ದರೆ ಬೆಸುಗೆಯ ಒಳಮೈ ಸುಟ್ಟ ಬೆಲ್ಲದಂತೆ ಕಪ್ಪಗೆ ಉಬ್ಬುತ್ತದೆ, ಪುಡಿ ಉದುರುತ್ತದೆ, ಸ್ಟೇನ್‌ಲೆಸ್ ಆಗಿದ್ದೂ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಗ್ಯಾಸ್ ಉಳಿಸಲು ಇದೊಂದನ್ನು ಬಿಡುವ ಅಂಗಡಿಗಳು ಬೇಕಾದಷ್ಟಿವೆ, ಪಕ್ಕದಲ್ಲಿ ನಿಂತು ಮಾಡಿಸಿ. ಮೊದಲು 25-30 ಮಿ.ಮೀ.ಗೊಂದು ಚುಕ್ಕಿ ಹಾಕಿ, ಆಮೇಲೆ ಒಂದು ಕಡೆ ಸ್ವಲ್ಪ, ಎದುರು ಕಡೆ ಸ್ವಲ್ಪ. ಒಂದೇ ಉಸಿರಿಗೆ ಎಳೆದರೆ ಮೇಲಿನ ಮುಚ್ಚಳ ಹಪ್ಪಳವಾಗುತ್ತದೆ. ಉಜ್ಜುವ ಬ್ರಷ್ಷು ಸ್ಟೇನ್‌ಲೆಸ್‌ದೇ ಇರಲಿ, ಸಾದಾ ಕಬ್ಬಿಣಕ್ಕೆ ಹಿಂದೆ ಬಳಸಿದ್ದು ಬೇಡ.

ಗಾಳಿಯ ದಾರಿ

ಈ ಗಾಡಿಯ ಮೊದಲ ದೂರು, ಹದಿನೈದು ಕಿಲೋಮೀಟರಿಗೆ ಎಳೆತ ಹೋಗುವುದು, ತುಕ್ಕಿನಿಂದ ಬಂದದ್ದೇ ಅಲ್ಲ. ಬ್ರೀದರ್ ಪೈಪಿನ ತುದಿಯಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರದಿದ್ದರೆ ಟ್ಯಾಂಕಿಯಲ್ಲಿ ನಿರ್ವಾತ ಬೆಳೆಯುತ್ತದೆ, ಪಂಪು ಎಳೆಯಲಾರದೆ ಸೋಲುತ್ತದೆ. ನಿಲ್ಲಿಸಿದಾಗ ನಿಧಾನಕ್ಕೆ ಗಾಳಿ ನುಸುಳಿ ಸರಿಯಾಗುತ್ತದೆ. ಎಳೆತ ಹೋದ ಕ್ಷಣಕ್ಕೇ ಮುಚ್ಚಳ ತೆಗೆದು ಭುಸ್ ಎಂದು ಗಾಳಿ ಒಳಗೆಳೆದರೆ ಕಾರಣ ಇದೇ. ಹಳೆಯ ಗಾಡಿಗೆ ಬೇರೆ ಗಾಡಿಯ ಗಾಳಿತೂತಿಲ್ಲದ ಮುಚ್ಚಳ ಹಾಕಿದರೂ ಇದೇ ಆಗುತ್ತದೆ. ಪಂಪು, ಕಾರ್ಬ್ಯುರೇಟರ್, ಕಾಯಿಲು ಎಲ್ಲ ಬದಲಿಸಿ ದುಡ್ಡು ಕಳೆದ ಮೇಲೆ ಮುಚ್ಚಳಕ್ಕೆ ಕೈ ಹಾಕುವವರೇ ಜಾಸ್ತಿ.

ಹೊಸ ಟ್ಯಾಂಕಿಗೆ ಗಾಳಿಯ ದಾರಿ ಎರಡು. ಒಂದು, ತುಂಬುವಾಗ ಒಳಗಿನ ಗಾಳಿ ಹೊರಬರುವ 12ರಿಂದ 16 ಮಿ.ಮೀ. ಪೈಪು, ತುಂಬುವ ಬಾಯಿಯ ಪಕ್ಕಕ್ಕೆ ಸೇರುವುದು. ಇದು ಎಲ್ಲೂ ಜೋತು ಬೀಳದೆ ಮೇಲ್ಮುಖವಾಗಿಯೇ ಹೋಗಬೇಕು. ನಡುವೆ ಒಂದು ಬಾಗು ಇದ್ದರೆ ಅಲ್ಲಿ ಪೆಟ್ರೋಲ್ ನಿಂತು ಗಾಳಿ ಕಟ್ಟುತ್ತದೆ, ಬಂಕಿನಲ್ಲಿ ಎರಡು ಲೀಟರಿಗೊಮ್ಮೆ ನಾಜಲ್ ಟಕ್ ಎನ್ನುತ್ತದೆ. ಇನ್ನೊಂದು, ಓಡುವಾಗ ಉಸಿರಾಡುವ ಬ್ರೀದರ್: ನೆತ್ತಿಯ ಮುಂದಿನ ಮತ್ತು ಹಿಂದಿನ ಮೂಲೆಯಿಂದ ಒಂದೊಂದು ತೆಗೆದು ಟಿ-ಯಲ್ಲಿ ಸೇರಿಸಿ, ತುಂಬುವ ಬಾಯಿಗಿಂತ ಎತ್ತರಕ್ಕೆ ಏರಿಸಿ, ಗಾಡಿ ಮಗುಚಿದರೆ ಮುಚ್ಚಿಕೊಳ್ಳುವ ವಾಲ್ವ್ ಹಾಕಿ. ಒಂದೇ ಮೂಲೆಯಿಂದ ತೆಗೆದರೆ ಏರಿನಲ್ಲಿ ನಿಂತಾಗ ಆ ಮೂಲೆ ಮುಳುಗಿ ಪೆಟ್ರೋಲ್ ಹೊರಗೆ ಚೆಲ್ಲುತ್ತದೆ. ಕೊನೆಗೆ ಹುಳ ಹೋಗದಂತೆ ಸಣ್ಣ ಜಾಲರಿ.

ಟ್ಯಾಂಕಿ ಕಂಠಮಟ್ಟ ತುಂಬಬಾರದು. 40 ಲೀಟರ್ ಪೆಟ್ರೋಲ್ 15 ಡಿಗ್ರಿ ಬಿಸಿಯಾದರೆ ಅರ್ಧ ಲೀಟರಿಗೂ ಹೆಚ್ಚು ಹಿಗ್ಗುತ್ತದೆ. ಅದಕ್ಕೆ ತುಂಬುವ ಪೈಪು ಮತ್ತು ಅದರ ಗಾಳಿ ಪೈಪು ಎರಡನ್ನೂ ನೆತ್ತಿಯ ತಗಡಿನಿಂದ 15 ಮಿ.ಮೀ. ಒಳಕ್ಕೆ ಇಳಿಸಿ. ಪೆಟ್ರೋಲ್ ಆ ಮಟ್ಟ ಮುಟ್ಟಿದ ಕೂಡಲೇ ನಾಜಲ್ ಕಟ್ ಆಗುತ್ತದೆ, ಮೇಲೆ 3 ಲೀಟರ್ ಗಾಳಿ ಉಳಿಯುತ್ತದೆ. ಹಾಗಾಗಿ 42ರ ಪೆಟ್ಟಿಗೆ ಹಿಡಿಯುವುದು 39. ಬ್ರೀದರ್‌ನಲ್ಲಿ ಒಂದೂವರೆ ಮಿ.ಮೀ. ತೂತಿನ ಬಿರಡೆ ಇಡದಿದ್ದರೆ ಆ ಗಾಳಿ ತುಂಬುವಾಗಲೇ ಅಲ್ಲಿಂದ ಓಡಿಹೋಗುತ್ತದೆ.

ಸೋರಿಕೆ ಪರೀಕ್ಷೆ

ಗ್ಯಾರೇಜಿನ ಕಂಪ್ರೆಸರ್ ಪೈಪನ್ನು ನೇರ ಟ್ಯಾಂಕಿಗೆ ಚುಚ್ಚಬೇಡಿ. 700 × 300ರ ಮುಚ್ಚಳಕ್ಕೆ ಬರೀ 0.2 ಬಾರ್ ಒತ್ತಡ ಕೊಟ್ಟರೂ ಅದರ ಮೇಲೆ 400 ಕೆಜಿಗೂ ಹೆಚ್ಚು ಭಾರ ಬಿದ್ದಂತೆ. ಟ್ಯಾಂಕಿ ದಿಂಬಾಗುತ್ತದೆ, ಬೆಸುಗೆ ಬಿರಿಯುತ್ತದೆ. 0.07 ಬಾರ್ ಸಾಕು, ಮೀಟರೂ ಬೇಡ. ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಯು ಆಕಾರಕ್ಕೆ ಗೋಡೆಗೆ ಕಟ್ಟಿ ನೀರು ತುಂಬಿ ಒಂದು ತುದಿಯನ್ನು ಟ್ಯಾಂಕಿಗೆ ಸೇರಿಸಿ. ಸೈಕಲ್ ಪಂಪಿನಲ್ಲಿ ಒತ್ತಿ ಎರಡು ಕಡೆಯ ನೀರಿಗೂ 70 ಸೆಂ.ಮೀ. ಅಂತರ ಬಂದಾಗ ನಿಲ್ಲಿಸಿ. ಬೆಸುಗೆಗೆಲ್ಲ ಸೋಪಿನ ನೀರು ಬಳಿಯಿರಿ. ಅರ್ಧ ಗಂಟೆ ನೀರಿನ ಮಟ್ಟ ಕದಲಬಾರದು. ಬಿಸಿಲು ಬಿದ್ದರೆ ಮಟ್ಟ ತಾನೇ ಏರುತ್ತದೆ, ನೆರಳಿನಲ್ಲಿ ಮಾಡಿ. ಒತ್ತಿದ್ದು ಹೆಚ್ಚಾದರೆ ಪೈಪಿನಿಂದ ನೀರು ಹಾರಿಹೋಗುತ್ತದೆ, ಟ್ಯಾಂಕಿ ಉಳಿಯುತ್ತದೆ.

ಕೂರಿಸುವುದು

ಟ್ಯಾಂಕಿ ಚಾಸಿಗೆ ತಾಗುವಲ್ಲೆಲ್ಲ 3 ಮಿ.ಮೀ. ನೈಟ್ರೈಲ್ ರಬ್ಬರ್. ಫೆಲ್ಟ್, ಸ್ಪಂಜು ನೀರು ಹೀರಿ ಹಿಡಿದಿಡುತ್ತವೆ, ಬೇಡ. ಹಳೆಯ ಗಾರ್ಡ್ ತಟ್ಟೆಯನ್ನು ಬಳಸಬಹುದು, ಆದರೆ ಅದಕ್ಕೆ ಹತ್ತಾರು 16 ಮಿ.ಮೀ. ತೂತು ಕೊರೆದು, ಟ್ಯಾಂಕಿಗೂ ಅದಕ್ಕೂ ನಡುವೆ ಬೆರಳು ತೂರುವಷ್ಟು ಸಂದಿ ಬಿಡಿ. ನೀರಿನ ಪೈಪು ಹಿಡಿದರೆ ಮಣ್ಣು ಹೊರಗೆ ಹರಿಯಬೇಕು.

ರಬ್ಬರಿನ ಮೇಲೆ ಕೂತ ಟ್ಯಾಂಕಿಗೆ ಅರ್ಥಿಂಗ್ ತಪ್ಪಿಹೋಗುತ್ತದೆ. ಟ್ಯಾಂಕಿಗೆ ಒಂದು ಕಿವಿ ಬೆಸೆಸಿ 4 ಚದರ ಮಿ.ಮೀ. ವೈರಿನಲ್ಲಿ ಚಾಸಿಗೆ, ಅದರಿಂದಲೇ ತುಂಬುವ ಬಾಯಿಯ ಲೋಹಕ್ಕೂ ಸೇರಿಸಿ. ಮೀಟರಿನಲ್ಲಿ 1 ಓಮ್‌ಗಿಂತ ಕಡಿಮೆ ತೋರಬೇಕು. ಇದು ಬಂಕಿನ ಸ್ಥಿರವಿದ್ಯುತ್ತಿಗೂ ಬೇಕು, ಟ್ಯಾಂಕಿಯ ಮೈಯಿಂದ ಅರ್ಥ್ ಪಡೆಯುವ ಗೇಜಿಗೂ ಬೇಕು. ಹೊಸ ಟ್ಯಾಂಕಿ ಹಾಕಿದ ಮೇಲೆ ಮುಳ್ಳು ಏಳುವುದೇ ಇಲ್ಲ ಎಂದರೆ ಮೊದಲು ನೋಡಬೇಕಾದದ್ದು ಈ ವೈರು.

ಪೈಪುಗಳು: ಹೊಸ ಪೈಪಿನ ಮೈಮೇಲೆ ಎಸ್‌ಎಇ 30ಆರ್9 ಅಥವಾ 30ಆರ್14 ಎಂದು ಅಚ್ಚಾಗಿರಬೇಕು. ಬಿಡಿಯಾಗಿ ಮೀಟರ್ ಲೆಕ್ಕದಲ್ಲಿ ಸಿಗುವ ಹೆಸರಿಲ್ಲದ ಕಪ್ಪು ಪೈಪು ಎಥೆನಾಲ್‌ಗೆ ಒಳಗಿಂದ ಮೆತ್ತಗಾಗಿ ಕರಿ ಎಸಳು ಬಿಡುತ್ತದೆ. ಸ್ಕ್ರೂ ಹಾಕಿ ಬಿಗಿಯುವ ಸೀಳು ಕ್ಲಿಪ್ಪು ರಬ್ಬರನ್ನು ಕೊಯ್ಯುತ್ತದೆ, ಅಂಚು ಮಡಚಿದ ಕ್ಲಿಪ್ಪು ತನ್ನಿ. ಗೇಜಿನ ಬಳೆಗೆ ಎಥೆನಾಲ್ ತಾಳುವ ಎಫ್‌ಕೆಎಂ ರಬ್ಬರಿನ 2 ಮಿ.ಮೀ. ಗ್ಯಾಸ್ಕೆಟ್, ಸ್ಕ್ರೂ ತಲೆಗೆ ತಾಮ್ರದ ವಾಷರ್. ಸಿಲಿಕಾನ್ ಪೇಸ್ಟು ಪೆಟ್ರೋಲಿಗೆ ಉಬ್ಬಿ ಕಳಚುತ್ತದೆ. ಟೆಫ್ಲಾನ್ ಟೇಪಿನ ಎಳೆ ಹರಿದು ಕಾರ್ಬ್ಯುರೇಟರ್ ಜೆಟ್ಟಿಗೆ ಸಿಕ್ಕುತ್ತದೆ. ಎರಡೂ ಬೇಡ. ಪಂಪಿನ ಡಯಾಫ್ರಂ ಕಿಟ್ಟನ್ನೂ ಇದೇ ಹೊತ್ತಿಗೆ ಬದಲಿಸಿ.

ಎತ್ತುವಾಗ ಇಳಿಸಿದ್ದರ ತಿರುಗುಮುರುಗು: ಅರ್ಧಕ್ಕೆ ಎತ್ತಿ ನೆತ್ತಿಯ ಪೈಪು, ವೈರು ಎಲ್ಲ ಸೇರಿಸಿ, ಆಮೇಲೆ ಪೂರ್ತಿ ಎತ್ತಿ. ಎಳೆಯುವ ಪೈಪು ಮತ್ತು ವಾಪಸ್ ಪೈಪು ಅದಲು ಬದಲಾದರೆ ತಕ್ಷಣ ಗೊತ್ತಾಗುವುದಿಲ್ಲ. ವಾಪಸ್ ಪೈಪು ಮೇಲೆಯೇ ನಿಲ್ಲುವುದರಿಂದ ಟ್ಯಾಂಕಿ ತುಂಬಿರುವಾಗ ಗಾಡಿ ಚೆನ್ನಾಗಿಯೇ ಓಡುತ್ತದೆ, ಮಟ್ಟ ಅದರ ಬಾಯಿಗಿಂತ ಇಳಿದ ದಿನ ದಾರಿಯಲ್ಲಿ ನಿಲ್ಲುತ್ತದೆ. ಗೇಜು ಅರ್ಧ ತೋರಿಸುತ್ತಿರುತ್ತದೆ, ಯಾರಿಗೂ ಟ್ಯಾಂಕಿಯ ಮೇಲೆ ಸಂಶಯ ಬರುವುದಿಲ್ಲ.

ಮೊದಲ ತುಂಬುವಿಕೆ

ಗೇಜಿನ ವೈರು ಬಿಡಿಸಿ, ಮೀಟರ್ ಹಚ್ಚಿ, 5 ಲೀಟರಿಗೊಮ್ಮೆ ನಿಲ್ಲಿಸಿ ಓಮ್ ಬರೆದುಕೊಳ್ಳಿ. ತುಂಬುತ್ತಾ ಹೋದಂತೆ ಸಂಖ್ಯೆ ಒಂದೇ ಸಮ ಇಳಿಯಬೇಕು. ನಡುವೆ ಒಂದೆಡೆ ಕದಲದೆ ನಿಂತರೆ ಫ್ಲೋಟು ಎಲ್ಲೋ ತಾಗುತ್ತಿದೆ. ಆ ಚೀಟಿಯನ್ನು ಬಾನೆಟ್ಟಿನ ಒಳಗೆ ಅಂಟಿಸಿಡಿ. ಮುಂದೆ ಗೇಜು ಸುಳ್ಳು ಹೇಳಿದಾಗ ತಪ್ಪು ಯೂನಿಟ್ಟಿನದೋ ಡ್ಯಾಶ್‌ಬೋರ್ಡಿನದೋ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಪೂರ್ತಿ ತುಂಬಿ ಮೂಗು ಮೇಲೆ ಮಾಡಿ ಇಳಿಜಾರಿನಲ್ಲಿ ಒಂದು ರಾತ್ರಿ, ತಿರುಗಿಸಿ ಇನ್ನೊಂದು ರಾತ್ರಿ ಬಯಲಿನಲ್ಲಿ ನಿಲ್ಲಿಸಿ. ಅಡಿಯಲ್ಲಿ ರಟ್ಟು ಹಾಸಿದ್ದರೆ ಒಂದು ತೊಟ್ಟೂ ಗೊತ್ತಾಗುತ್ತದೆ. ಪಂಪಿಗೆ ಮುಂಚೆ ಪಾರದರ್ಶಕ ಫಿಲ್ಟರ್ ಇರಲಿ. ಮೊದಲ 500 ಕಿಲೋಮೀಟರಿನಲ್ಲಿ ಬೆಸುಗೆಯ ಪುಡಿ ಅಷ್ಟಿಷ್ಟು ಬಂದೇ ಬರುತ್ತದೆ, ಬದಲಿ ಫಿಲ್ಟರ್ ಗಾಡಿಯಲ್ಲೇ ಇಟ್ಟಿರಿ. ಆಮೇಲೂ ಬರುತ್ತಿದ್ದರೆ ಅದು ಟ್ಯಾಂಕಿಯದಲ್ಲ, ಚಾಸಿಯಗುಂಟ ಮುಂದಕ್ಕೆ ಹೋಗುವ ಕಬ್ಬಿಣದ ಪೈಪಿನದು. ಆ ಪೈಪನ್ನು ಎರಡೂ ಕಡೆ ಬಿಡಿಸಿ ಗಾಳಿ ಊದಿ ನೋಡಿ. ಕಂದು ಪುಡಿ ಹಾರಿದರೆ ಅದನ್ನೂ ಬದಲಿಸಿ.

ಹಳೆಯ ಟ್ಯಾಂಕಿಯನ್ನು ಹಾಗೆಯೇ ಗುಜರಿಗೆ ಹಾಕಬೇಡಿ. ಅಲ್ಲಿ ಮೊದಲು ಮಾಡುವ ಕೆಲಸವೇ ಗ್ಯಾಸ್ ಕಟ್ಟರ್ ಹಿಡಿಯುವುದು, ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದರೂ ತುಕ್ಕಿನ ಪದರದಲ್ಲಿ, ಅಂಚಿನ ಮಡಿಕೆಯಲ್ಲಿ ಪೆಟ್ರೋಲ್ ಉಳಿದಿರುತ್ತದೆ. ಸೋಪಿನ ಬಿಸಿ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಎಲ್ಲ ಬಾಯಿ ತೆರೆದು, ‘ಪೆಟ್ರೋಲ್ ಟ್ಯಾಂಕಿ, ಬೆಂಕಿ ಹಚ್ಚಬೇಡಿ’ ಎಂದು ಬಣ್ಣದಲ್ಲಿ ದೊಡ್ಡದಾಗಿ ಬರೆದು ಕೊಡಿ. ಕೊಯ್ದು ಬಚ್ಚಲ ಒಲೆ ಮಾಡಿಕೊಳ್ಳುತ್ತೇನೆಂದು ಕೇಳುವವರು ತೋಟದ ಕಡೆ ಒಬ್ಬರಾದರೂ ಇದ್ದೇ ಇರುತ್ತಾರೆ. ಕೊಡಬೇಡಿ.